ಹಳ್ಳ ಬೇಸಿಗೆಯಲ್ಲೂ ಹರಿಯುತ್ತದೋ? ಕಲ್ಲಿನ ಕೆಳಗಿನ ಹುಳವನ್ನು ಕೇಳುವ ಬಗೆ

ಪ್ರಶ್ನೆ: ಹಾನಗಲ್ ತಾಲೂಕಿನ ಹಳ್ಳಿಯೊಂದರ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ಶಾಲೆಯ ಹಿಂದೆ ಧರ್ಮಾ ನದಿಗೆ ಸೇರುವ ಸಣ್ಣ ಹಳ್ಳವಿದೆ. "ನಮ್ಮ ಕಾಲಕ್ಕ ಬ್ಯಾಸಗ್ಯಾಗೂ ಬತ್ತತಿದ್ದಿಲ್ಲ" ಎಂದು ಕೆಲವು ಹಿರಿಯರು ಹೇಳುತ್ತಾರೆ. "ಅದು ಯಾವತ್ತಿದ್ರೂ ಮಳಿಗಾಲದ ಹಳ್ಳನ" ಎಂದು ಇನ್ನು ಕೆಲವರು. ಜನವರಿಯಲ್ಲಿ ಮಕ್ಕಳನ್ನು ಕರೆದುಕೊಂಡು ಹೋದಾಗ ಕಲ್ಲುಗಳ ಕೆಳಗೆ ಉಸುಕಿನ ಸಣ್ಣ ಕೊಳವೆಗಳು, ನಾಣ್ಯದಂಥ ಚಪ್ಪಟೆ ಜೀವಿ, ಮೂರು ಬಾಲದ ಹುಳ, ಮೊನಚು ಬಸವನಹುಳ, ರಾಡಿಯಲ್ಲಿ ಕೆಂಪು ಹುಳ ಸಿಕ್ಕವು. ಇವನ್ನು ನೋಡಿ ಹಳ್ಳ ವರ್ಷವಿಡೀ ಹರಿಯುತ್ತದೆಯೇ ಎಂದು ಹೇಳಲು ಬರುತ್ತದೆಯೇ? ಯಾವ ಹುಳವನ್ನು ನಂಬಬೇಕು?

ಉತ್ತರ: ಗುರುಗಳೇ, ಹುಳ ನೋಡಿ ಹೇಳಲು ಬರುತ್ತದೆ. ಆದರೆ ಜನವರಿಯ ಹುಳ ನೋಡಿ ಹೇಳಲು ಬರುವುದಿಲ್ಲ. ಸ್ವಾತಿ ಮಳೆ ಮುಗಿಯುವುದೇ ನವೆಂಬರ್ ಮೊದಲ ವಾರ. ಅಲ್ಲಿಂದ ಸಂಕ್ರಾಂತಿಗೆ ಎರಡು ತಿಂಗಳು, ಮೇಲೆ ಕೆಲವು ದಿನ. ನಿಮ್ಮ ಕಡೆಯ ಗದ್ದೆಗಳು, ಕೆರೆಗಳು ಹೀರಿಕೊಂಡ ನೀರು ಆಗಿನ್ನೂ ಬಸಿದು ಹಳ್ಳಕ್ಕೆ ಬರುತ್ತಿರುತ್ತದೆ. ಮಳೆಗಾಲದ ಹಳ್ಳವೂ ವರ್ಷವಿಡೀ ಹರಿಯುವ ಹಳ್ಳವೂ ಆ ತಿಂಗಳಲ್ಲಿ ಒಂದೇ ತೆರನಾಗಿ ಕಾಣುತ್ತವೆ. ಎರಡರಲ್ಲೂ ಹೆಚ್ಚುಕಡಿಮೆ ಅವೇ ಹುಳಗಳು ಸಿಗುತ್ತವೆ.

ಈ ತಪ್ಪನ್ನು ನಾನೇ ಮಾಡಿದ್ದೇನೆ. ಬಹಳ ವರ್ಷಗಳ ಹಿಂದೆ, ಕಲಘಟಗಿ ಕಡೆಯ ಒಂದು ಹಳ್ಳದಲ್ಲಿ ಡಿಸೆಂಬರ್‌ನಲ್ಲಿ ಕಲ್ಲು ಎತ್ತಿ ನೋಡಿದೆ. ಬಲೆ ಹೆಣೆಯುವ ಕ್ಯಾಡಿಸ್ ಎಂಬ ಕೀಟದ ಮರಿಗಳು ತುಂಬಿದ್ದವು. "ಇದು ಬತ್ತುವ ಹಳ್ಳ ಅಲ್ಲ" ಎಂದು ಊರವರೆದುರೇ ಹೇಳಿದೆ. ಏಪ್ರಿಲ್‌ನಲ್ಲಿ ಮತ್ತೆ ಹೋದಾಗ ಅದೇ ಜಾಗದಲ್ಲಿ ಹುಡುಗರು ಕ್ರಿಕೆಟ್ ಆಡುತ್ತಿದ್ದರು. ನನ್ನ ಮಾತು ನಂಬಿ ದನಕ್ಕೆ ಬೇರೆ ನೀರು ನೋಡಿಕೊಳ್ಳದೆ ಕೂತಿದ್ದ ರೈತರೊಬ್ಬರು ಏನೂ ಅನ್ನದೆ ಚಹಾ ಕೊಟ್ಟು ಕಳಿಸಿದರು. ಆ ಮೌನ ಇವತ್ತಿಗೂ ನೆನಪಿದೆ. ಅಂದಿನಿಂದ, ಹುಳದ ಗುರುತು ಹತ್ತಿದ ಮೇಲೂ ಎರಡು ಪ್ರಶ್ನೆ ಕೇಳಿಕೊಳ್ಳದೆ ನಾನು ಬಾಯಿ ತೆರೆಯುವುದಿಲ್ಲ. ಇಷ್ಟು ಬೆಳೆಯಲು ಇದು ಎಷ್ಟು ದಿನ ನೀರಿನಲ್ಲಿ ಇದ್ದಿರಬೇಕು? ಇದಕ್ಕೆ ನಿಂತ ನೀರು ಸಾಕೋ, ಹರಿಯುವ ನೀರೇ ಬೇಕೋ?

ಮೊದಲ ಪ್ರಶ್ನೆಗೆ ಉದಾಹರಣೆ ನಿಮ್ಮ ಶಾಲೆಯ ಮೈದಾನದಲ್ಲೇ ಇದೆ. ಮಳೆಗಾಲ ಮುಗಿಯುವ ಹೊತ್ತಿಗೆ ಹಿಂಡುಹಿಂಡಾಗಿ ಹಾರಾಡುವ ಹಳದಿ ಏರೋಪ್ಲೇನ್ ಚಿಟ್ಟೆಯನ್ನು ಮಕ್ಕಳೆಲ್ಲ ಬಲ್ಲರು. ಹಿಂದೂ ಮಹಾಸಾಗರ ದಾಟಿ ಆಫ್ರಿಕಾದವರೆಗೂ ಹೋಗುವ ಪ್ರಯಾಣಿಕ ಅದು. ಅದರ ಮರಿ ಒಂದೂವರೆ, ಎರಡು ತಿಂಗಳಲ್ಲೇ ನೀರಿನ ಬದುಕು ಮುಗಿಸಿ ರೆಕ್ಕೆ ಬಿಚ್ಚುತ್ತದೆ. ಮಳೆಗೆ ತುಂಬಿ ದೀಪಾವಳಿಗೆ ಬತ್ತುವ ತಗ್ಗು ಅದಕ್ಕೆ ಧಾರಾಳವಾಯಿತು. ಅಂಥ ಮರಿ ಸಿಕ್ಕರೆ ಆ ನೀರಿಗೆ ಒಂದೆರಡು ತಿಂಗಳು ವಯಸ್ಸಾಗಿದೆ ಎಂದಷ್ಟೇ ತಿಳಿಯುತ್ತದೆ. ಅದೇ ಏರೋಪ್ಲೇನ್ ಚಿಟ್ಟೆಗಳ ಬಳಗದಲ್ಲಿ ಗೋಂಫಿಡ್ ಎಂಬ ಕುಟುಂಬವಿದೆ. ಇವುಗಳ ಮರಿ ಉಸುಕಿನಲ್ಲಿ ಹೂತುಕೊಂಡು ನಿಧಾನವಾಗಿ ಬೆಳೆಯುತ್ತದೆ. ಮೀಸೆ ಗಿಡ್ಡ, ದಪ್ಪ, ನಾಲ್ಕೇ ಗೆಣ್ಣು. ಮೈ ಗಟ್ಟಿ, ಬಣ್ಣ ಉಸುಕಿನದೇ. ಬೇಸಿಗೆಯ ನಡುವೆ ಒಂದೇ ಬೋಗುಣಿಯಲ್ಲಿ ಸಣ್ಣ, ಮಧ್ಯಮ, ದೊಡ್ಡ ಗೋಂಫಿಡ್ ಮರಿಗಳು ಒಟ್ಟಿಗೆ ಬಿದ್ದರೆ ಬೇರೆ ಬೇರೆ ಕಾಲಕ್ಕೆ ಇಟ್ಟ ಮೊಟ್ಟೆಗಳು ಅಲ್ಲಿ ಬದುಕಿ ಬಂದಿವೆ ಎಂದರ್ಥ. ಒಂದು ದೊಡ್ಡ ಹುಳಕ್ಕಿಂತ ಹಲವು ಗಾತ್ರದ ಒಂದೇ ಬಗೆಯ ಹುಳಗಳ ಮೇಲೆ ನನಗೆ ಭರವಸೆ ಹೆಚ್ಚು.

ಎರಡನೇ ಪ್ರಶ್ನೆಯನ್ನು ಕಲಿತವರೂ ಮರೆಯುತ್ತಾರೆ. ನೀರು ಉಳಿಯುವುದು ಬೇರೆ, ನೀರು ಹರಿಯುವುದು ಬೇರೆ. ನಮ್ಮ ಬಹಳ ಹಳ್ಳಗಳಲ್ಲಿ ಶಿವರಾತ್ರಿ ಹೊತ್ತಿಗೆ ಹರಿವು ನಿಂತು ಅಲ್ಲಲ್ಲಿ ಮಡು ಮಾತ್ರ ಉಳಿಯುತ್ತದೆ. ಮಡುವಿನಲ್ಲಿ ಏರೋಪ್ಲೇನ್ ಚಿಟ್ಟೆಯ ಮರಿ, ಸಿಗಡಿ, ಬಸವನಹುಳ, ಕಪ್ಪೆಚಿಪ್ಪು ಎಲ್ಲವೂ ಬದುಕುತ್ತವೆ. ಹಿರಿಯರ ಎರಡು ಮಾತೂ ಇಲ್ಲಿ ಒಟ್ಟಿಗೆ ನಿಜವಾಗಿರಬಹುದು. ಒಬ್ಬರು ಮಡುವನ್ನು ನೆನೆದು ಹೇಳಿದರೆ ಇನ್ನೊಬ್ಬರು ಹರಿವನ್ನು ನೆನೆದು ಹೇಳಿರಬಹುದು.

ಹಾಗಾಗಿ ಹರಿವಿಗೇ ಕಟ್ಟುಬಿದ್ದ ಜೀವಿಗಳನ್ನು ಹುಡುಕಬೇಕು. ಇವುಗಳಲ್ಲಿ ನಾನು ಮೊದಲು ನೋಡುವುದು ಬಲೆ ಹೆಣೆಯುವ ಕ್ಯಾಡಿಸ್, ಹೈಡ್ರಾಪ್ಸೈಕಿಡ್ ಕುಟುಂಬ. ಕಲ್ಲಿನ ಸಂದಿಯಲ್ಲಿ ಜೇಡರ ನೂಲಿನಂಥ ಬಲೆ ಕಟ್ಟಿ, ಹರಿವು ತಂದುಕೊಡುವ ಆಹಾರವನ್ನು ಸೋಸಿ ತಿನ್ನುವ ಹುಳ ಇದು. ಕಲ್ಲನ್ನು ನೀರಿನಿಂದ ಎತ್ತಿದ ಕೂಡಲೇ ಬಲೆ ಕುಸಿದು ರಾಡಿಯ ಪೊರೆಯಂತಾಗುತ್ತದೆ, ಆದ್ದರಿಂದ ಮೊದಲು ನೀರೊಳಗೇ ಬಾಗಿ ನೋಡಿ. ಹುಳ ಅರ್ಧ ಇಂಚಿನಷ್ಟು. ಬಣ್ಣ ಹಸಿರು ಇಲ್ಲವೆ ಕಂದು. ಎದೆಯ ಮೂರೂ ಭಾಗಗಳ ಬೆನ್ನಿಗೆ ಗಟ್ಟಿ ಫಲಕ, ಹೊಟ್ಟೆಯ ಕೆಳಗೆ ಕುಚ್ಚುಕುಚ್ಚಾದ ಕಿವಿರು, ಬಾಲದಲ್ಲಿ ಎರಡು ಕೊಕ್ಕೆ. ಅಂಗೈ ಮೇಲೆ ಇಟ್ಟರೆ ಮೈ ಮಡಚಿ ಚಿಮ್ಮುತ್ತದೆ. ಹರಿವು ನಿಂತರೆ ಬಲೆಗೆ ಏನೂ ಬಂದು ಬೀಳುವುದಿಲ್ಲ, ಕಿವಿರಿಗೆ ಪ್ರಾಣವಾಯು ಸಾಲುವುದಿಲ್ಲ. ಮಡುವಿನಲ್ಲಿ ಇದು ಬಾಳಲಾರದು. ಏಪ್ರಿಲ್‌ನಲ್ಲಿ, ಒಂದು ಹನಿ ಮಳೆ ಬೀಳುವ ಮುಂಚೆ, ಸಣ್ಣವೂ ದೊಡ್ಡವೂ ಸೇರಿ ಕಲ್ಲುಕಲ್ಲಿಗೂ ಇವು ಸಿಕ್ಕರೆ ಆ ವರ್ಷ ಆ ಜಾಗದಲ್ಲಿ ಹರಿವು ನಿಂತಿಲ್ಲ ಎಂದು ನಾನು ಬರೆದುಕೊಡುತ್ತೇನೆ.

ಬಲೆ ಹೆಣೆಯುವ ಇನ್ನೊಂದು ಕುಟುಂಬ ಫಿಲೊಪೊಟಾಮಿಡ್. ಮೈ ಹಳದಿ, ತಲೆ ಕಿತ್ತಳೆ, ಕಲ್ಲಿನ ಕೆಳಗೆ ಬೆರಳಿನ ಚೀಲದಂಥ ಬಲೆ. ನೆರಳಿನ ಹಳ್ಳ ಇದಕ್ಕೆ ಇಷ್ಟ.

ನಿಮ್ಮ ಮಕ್ಕಳು ಕಂಡ "ನಾಣ್ಯ" ನನಗೆ ಬಹಳ ಕುತೂಹಲ ಹುಟ್ಟಿಸಿದೆ. ಅದನ್ನು ತಿರುಗಿಸಿ ನೋಡಿದಿರಾ? ಕೆಳಗೆ ಆರು ಕಾಲಿದ್ದರೆ ಅದು ಒಂದು ಜೀರುಂಡೆಯ ಮರಿ, ಸೆಫೆನಿಡ್ ಎಂಬ ಕುಟುಂಬದ್ದು. ನಾವು ಮಕ್ಕಳಿಗೆ ನೀರುಬಿಲ್ಲೆ ಎಂದು ಹೇಳಿಕೊಡುತ್ತೇವೆ. ಹರಿಯುವ ನೀರಿನಲ್ಲಿ ಕಲ್ಲಿಗೆ ಬಿಗಿಯಾಗಿ ಅಂಟಿ ಪಾಚಿ ಕೆರೆದು ತಿನ್ನುತ್ತದೆ, ಸಾವಕಾಶ ಬೆಳೆಯುತ್ತದೆ. ಬೇಸಿಗೆಯಲ್ಲಿ ಸಿಕ್ಕರೆ ಇದರ ಸಾಕ್ಷಿಗೆ ತೂಕ ಹೆಚ್ಚು. ಆದರೆ ಕೆಳಗೆ ಕಾಲೇ ಇಲ್ಲದೆ ಮೆತ್ತನೆಯ ಒಂದೇ ಪಾದವಿದ್ದರೆ ಅದು ಟೋಪಿಯಂಥ ಚಿಪ್ಪಿನ ಸಣ್ಣ ಬಸವನಹುಳ. ಅದು ನಿಂತ ನೀರಿನಲ್ಲೂ ಇರುತ್ತದೆ, ಅದರ ಮೇಲೆ ತೀರ್ಮಾನ ನಿಲ್ಲಿಸಬೇಡಿ.

ಇದೇ ಕಲ್ಲುಗಳ ಮೇಲೆ ಅಕ್ಕಿಕಾಳಿಗಿಂತ ಸಣ್ಣ, ಕಪ್ಪು ಅಥವಾ ಕಂದು ಜೀರುಂಡೆ ಮೆಲ್ಲಗೆ ತೆವಳುವುದನ್ನು ಕಂಡರೆ ಜೋಪಾನವಾಗಿ ನೋಡಿ. ಎಲ್ಮಿಡ್ ಎಂಬ ಈ ಜೀರುಂಡೆಗೆ ಈಜು ಬರುವುದಿಲ್ಲ. ಉದ್ದನೆಯ ಕಾಲು, ದೊಡ್ಡ ಉಗುರು, ಕಲ್ಲನ್ನು ಹಿಡಿದು ನಡೆಯುವುದೇ ಅದರ ಬದುಕು. ಮೈಮೇಲಿನ ಸೂಕ್ಷ್ಮ ರೋಮಗಳ ನಡುವೆ ಗಾಳಿಯ ತೆಳುಪದರ ಹಿಡಿದುಕೊಂಡಿರುತ್ತದೆ. ನೀರಿನಲ್ಲಿ ಕರಗಿದ ಪ್ರಾಣವಾಯು ಆ ಪದರಕ್ಕೆ ಸೇರುತ್ತಾ ಹೋಗುವುದರಿಂದ ಉಸಿರಿಗೆ ಮೇಲೆ ಬರಬೇಕಾಗಿಲ್ಲ. ಬೇರೆ ನೀರುಜೀರುಂಡೆಗಳು ಹಳ್ಳ ಬತ್ತಿದರೆ ಹಾರಿ ಇನ್ನೊಂದು ಕೆರೆ ಹುಡುಕುತ್ತವೆ. ಎಲ್ಮಿಡ್‌ಗಳಲ್ಲಿ ಬಹಳ ಜಾತಿಗಳು ಪ್ರಾಯಕ್ಕೆ ಬಂದಾಗ ಒಮ್ಮೆ ಹಾರಿ ನೀರಿಗಿಳಿದ ಮೇಲೆ ಮತ್ತೆ ಹಾರುವ ಶಕ್ತಿ ಕಳೆದುಕೊಳ್ಳುತ್ತವೆ. ಓಡಿಹೋಗಲಾರದ ಜೀವಿ ಅಲ್ಲಿ ಗುಂಪಾಗಿ, ಮರಿ ಸಮೇತ ಇದೆ ಎಂದರೆ ಆ ಹಳ್ಳ ಅದನ್ನು ಸಾಕಿದೆ. ಚಿಕ್ಕದೆಂದು ಮಕ್ಕಳು ಕಸದ ಜೊತೆ ಚೆಲ್ಲಿಬಿಡುತ್ತಾರೆ, ಅದಕ್ಕೇ ಇಷ್ಟು ಒತ್ತಿ ಹೇಳಿದೆ.

ಮೂರು ಬಾಲದ ಹುಳ ಮೇಫ್ಲೈ ಎಂಬ ರೆಕ್ಕೆಯ ಕೀಟದ ಮರಿ ಇರಬೇಕು. ಹೊಟ್ಟೆಯ ಎರಡೂ ಪಕ್ಕಕ್ಕೆ ಎಲೆಯಂತೆ ಆಡುವ ಕಿವಿರು, ಕಾಲಿನ ತುದಿಗೆ ಒಂದೇ ಉಗುರು ಇದ್ದರೆ ಸಂಶಯವಿಲ್ಲ. ಸೂಜಿಯಂಥ ಏರೋಪ್ಲೇನ್ ಚಿಟ್ಟೆಯ ಮರಿಗೂ ಬಾಲದಲ್ಲಿ ಮೂರು ಎಸಳಿರುತ್ತವೆ, ಆದರೆ ಅದರ ಹೊಟ್ಟೆಯ ಪಕ್ಕ ಸಾಮಾನ್ಯವಾಗಿ ಬೋಳು. ಮೇಫ್ಲೈ ಕಂಡ ಕೂಡಲೇ "ಶುದ್ಧ ನೀರು, ಸದಾ ಹರಿಯುವ ನೀರು" ಎಂದು ಹೇಳುವ ರೂಢಿ ಬೆಳೆದುಬಿಟ್ಟಿದೆ. ಅದು ತಣ್ಣನೆಯ ದೇಶಗಳ ಕೈಪಿಡಿಗಳಿಂದ ಬಂದ ಮಾತು. ಅಮೆರಿಕದ ಒರೆಗಾನ್, ಉತ್ತರ ಕೆರೊಲಿನಾ ರಾಜ್ಯಗಳಲ್ಲಿ ಹಳ್ಳ ವರ್ಷವಿಡೀ ಹರಿಯುವುದೇ ಎಂದು ತೀರ್ಮಾನಿಸಲು ಕ್ರಮಬದ್ಧ ಕೈಪಿಡಿಗಳಿವೆ, ಅವುಗಳಲ್ಲಿ ನೀರಿನ ಕೀಟಗಳ ಸಾಕ್ಷಿಯೂ ಸೇರಿದೆ. ಆ ಯೋಚನೆ ಒಳ್ಳೆಯದು, ನಾನೂ ಅದರಿಂದ ಕಲಿತಿದ್ದೇನೆ. ಪಟ್ಟಿಯನ್ನು ಮಾತ್ರ ಹಾಗೇ ಎತ್ತಿ ತರಬಾರದು. ಅಲ್ಲಿನ ತಣ್ಣೀರಿನಲ್ಲಿ ಸ್ಟೋನ್‌ಫ್ಲೈ ಎಂಬ ಇನ್ನೊಂದು ಕೀಟದ ಕೆಲವು ಮರಿಗಳು 2-3 ವರ್ಷ ನೀರಲ್ಲೇ ಕಳೆಯುತ್ತವೆ. ನಮ್ಮ ಬೆಚ್ಚನೆ ನೀರಿನಲ್ಲಿ ಹುಳಗಳು ಬೇಗ ಬೆಳೆಯುತ್ತವೆ. ಬೀಟಿಡ್ ಕುಟುಂಬದ ಸಣ್ಣ, ಮೀನಿನಂತೆ ಚುರುಕಾಗಿ ಈಜುವ ಮೇಫ್ಲೈ ಮರಿ ಒಂದು ತಿಂಗಳೊಳಗೇ ರೆಕ್ಕೆ ಪಡೆಯಬಲ್ಲದು. ನಿಮಗೆ ಸಿಕ್ಕದ್ದು ಇದಾದರೆ ಅದಕ್ಕೆ ಡಿಸೆಂಬರ್, ಜನವರಿಯ ಹರಿವು ಸಾಕಾಗಿತ್ತು. ತಲೆ, ಮೈ ಎರಡೂ ಚಪ್ಪಟೆಯಾಗಿ, ಕಣ್ಣು ತಲೆಯ ಮೇಲ್ಭಾಗದಲ್ಲಿದ್ದು, ಕಲ್ಲಿನ ಮೇಲೆ ಏಡಿಯಂತೆ ಪಕ್ಕಕ್ಕೆ ಸರಿಯುವ ಹೆಪ್ಟಜೀನಿಡ್ ಮೇಫ್ಲೈ ಆದರೆ ಬೆಲೆ ಹೆಚ್ಚು. ಅದಕ್ಕೆ ಹರಿವು ಬೇಕು.

ಸ್ಟೋನ್‌ಫ್ಲೈ ವಿಚಾರ: ಎರಡು ಬಾಲ, ಕಾಲಿಗೆ ಎರಡು ಉಗುರು, ಕಿವಿರು ಎದೆಯ ಕೆಳಗೆ ಕಾಲಿನ ಬುಡದಲ್ಲಿ. ಮಲೆನಾಡಿನ ನೆರಳಿನ ಹಳ್ಳಗಳ ಜೀವಿ ಇದು. ಅರೆಮಲೆನಾಡಿನ ಹಾನಗಲ್ಲಿನಲ್ಲಿ ಬೇಸಿಗೆಗೆ ಸಿಕ್ಕರೆ ಅಂದೇ ನನಗೆ ಫೋಟೋ ಕಳಿಸಿ.

ಉಸುಕಿನ ಕೊಳವೆಯನ್ನು ಬೆರಳಲ್ಲಿ ಒತ್ತಿ ನೋಡಿ. ಗಟ್ಟಿಯಾಗಿ, ಕಾಳುಕಾಳು ಜೋಡಿಸಿ ಕಟ್ಟಿದಂತಿದ್ದರೆ ಕ್ಯಾಡಿಸ್ ಮನೆ. ಮೆತ್ತಗೆ ರಾಡಿಯಂತೆ ಒಡೆದರೆ ಕೈರೊನೊಮಿಡ್ ಎಂಬ ಕಚ್ಚದ ಸೊಳ್ಳೆಯ ಮರಿ ಕಟ್ಟಿದ್ದು. ನಿಮ್ಮ ಕೆಂಪು ಹುಳವೂ ಅದೇ ಬಳಗ. ನಮ್ಮ ರಕ್ತದಲ್ಲಿರುವಂತೆ ಅದರ ಮೈಯಲ್ಲೂ ಹಿಮೋಗ್ಲೋಬಿನ್ ಇರುವುದರಿಂದ ಕೆಂಪಗಿರುತ್ತದೆ, ಪ್ರಾಣವಾಯು ಕಡಿಮೆ ಇರುವ ರಾಡಿಯಲ್ಲೂ ಬಾಳುತ್ತದೆ. ವರ್ಷವಿಡೀ ಹರಿವಿನ ಬಗ್ಗೆ ಅದು ಏನೂ ಹೇಳಲಾರದು.

ಬಸವನಹುಳದಲ್ಲಿ ಮೊದಲು ನೋಡಬೇಕಾದ್ದು ಬಾಯಿಗೆ ಮುಚ್ಚಳ ಇದೆಯೇ ಎಂಬುದು. ಮುಚ್ಚಳವಿರುವ ಮೊನಚು ಜಾತಿಗಳು ಕಿವಿರಿನಿಂದ ಉಸಿರಾಡುತ್ತವೆ, ನೀರು ಬಿಟ್ಟು ಬಹಳ ದಿನ ಇರಲು ಕಷ್ಟ. ಮುಚ್ಚಳವಿಲ್ಲದ, ಚಕ್ಕುಲಿಯಂತೆ ಸುತ್ತಿದ ಜಾತಿ ಗಾಳಿಯನ್ನೇ ಉಸಿರಾಡುತ್ತದೆ. ಹಾಗೆಂದು ಮುಚ್ಚಳವನ್ನೇ ನಂಬಿಬಿಡಬೇಡಿ. ಗದ್ದೆಯ ದೊಡ್ಡ, ಗುಂಡನೆಯ ಪೈಲಾ ಬಸವನಹುಳಕ್ಕೆ ಕಿವಿರೂ ಇದೆ, ಶ್ವಾಸಕೋಶವೂ ಇದೆ. ಮುಚ್ಚಳ ಬಿಗಿದು ಅರಲಿನಲ್ಲಿ ಹೂತು ತಿಂಗಳುಗಟ್ಟಲೆ ಮಳೆಗೆ ಕಾಯುತ್ತದೆ. ಏಡಿಯೂ ಹಾಗೆಯೇ, ಬಿಲ ತೋಡಿ ತೇವ ಹಿಡಿದು ಕೂರುತ್ತದೆ. ಕಪ್ಪೆಚಿಪ್ಪು ಹಲವು ವರ್ಷ ಬದುಕುವ ಜೀವಿ, ಅದರ ಮರಿ ಮೀನಿನ ಮೈಗೆ ಅಂಟಿ ಬೆಳೆಯಬೇಕು. ಹಾಗಾಗಿ ಜೀವಂತ ಕಪ್ಪೆಚಿಪ್ಪು ನೀರು ಉಳಿದದ್ದಕ್ಕೆ ಒಳ್ಳೆಯ ಗುರುತು, ಹರಿದದ್ದಕ್ಕಲ್ಲ. ಖಾಲಿ ಚಿಪ್ಪನ್ನು ಲೆಕ್ಕಕ್ಕೇ ಹಿಡಿಯಬೇಡಿ, ಹೊಳೆ ಬಂದಾಗ ಎಲ್ಲಿಂದಲೋ ತೇಲಿ ಬಂದಿರುತ್ತದೆ.

ಇನ್ನು ಯಾವಾಗ ನೋಡಬೇಕು. ಎರಡು ಸಲ ಹೋಗಿ. ಮೊದಲನೆಯದು ಹೋಳಿ ಹುಣ್ಣಿಮೆ ಕಳೆದ ಮೇಲೆ, ಅಡ್ಡಮಳೆ ಬೀಳುವ ಮುಂಚೆ. ಅಶ್ವಿನಿ ಮಳೆ ಏಪ್ರಿಲ್ 13ರ ಸುಮಾರಿಗೆ ಕೂರುತ್ತದೆ, ಭರಣಿ 27ಕ್ಕೆ. ಇವುಗಳಲ್ಲಿ ಒಂದು ದೊಡ್ಡ ಮಳೆ ಬಿದ್ದರೂ ಸಾಕ್ಷಿ ಕೆಡುತ್ತದೆ, ಅದರ ಮೊದಲೇ ಕೆಲಸ ಮುಗಿಯಬೇಕು. ನೀರು ಕಲ್ಲುಗಳ ನಡುವೆ ಸದ್ದು ಮಾಡಿ ಹರಿಯುವ ಕಡೆ 10 ಕಲ್ಲು, ಮಡುವಿನ ಅಂಚಿನಲ್ಲಿ 10 ಕಲ್ಲು ನೋಡಿ. ಎರಡನ್ನೂ ಬೇರೆ ಬೇರೆ ಬೋಗುಣಿಗೆ ಹಾಕಿ, ಬೆರೆಸಬೇಡಿ.

ಎರಡನೆಯ ಭೇಟಿ ಬಹಳ ಮಂದಿ ಮಾಡುವುದೇ ಇಲ್ಲ, ನನಗೆ ಅದೇ ಹೆಚ್ಚು ಪ್ರೀತಿಯದು. ಮೃಗಶಿರಾ ಮಳೆಗೆ ಹಳ್ಳ ಹರಿಯಲು ಶುರುವಾದ ಎರಡು, ಮೂರು ವಾರದಲ್ಲಿ, ನೀರು ಇಳಿದ ದಿನ ನೋಡಿ ಹೋಗಿ. ಬತ್ತಿದ್ದ ಹಳ್ಳವಾದರೆ ಆಗ ಅಲ್ಲಿ ಸಿಗುವುದು ಹೊಸಬರು: ಹಾರಿ ಬಂದ ನೀರುತಿಗಣೆ, ಈಜುಜೀರುಂಡೆ, ಬೇಗ ಬೆಳೆಯುವ ಬೀಟಿಡ್, ಕೈರೊನೊಮಿಡ್, ಕಲ್ಲಿಗೆ ಗುಂಪಾಗಿ ಅಂಟಿದ ಕರಿನೊಣದ ಮರಿ. ಎಲ್ಲವೂ ಸಣ್ಣವು, ಎಲ್ಲವೂ ಹೆಚ್ಚುಕಡಿಮೆ ಒಂದೇ ವಯಸ್ಸಿನವು. ಅದೇ ಹೊತ್ತಿಗೆ ಪೂರ್ತಿ ಬೆಳೆದ ಗೋಂಫಿಡ್, ದೊಡ್ಡ ನೀರುಬಿಲ್ಲೆ, ಎಲ್ಮಿಡ್ ಗುಂಪು ಕಂಡರೆ ಅವು ಮೂರು ವಾರದಲ್ಲಿ ಹುಟ್ಟಿ ಬೆಳೆದವಲ್ಲ. ಬೇಸಿಗೆಯನ್ನು ಅವು ಅಲ್ಲೇ ಕಳೆದಿವೆ, ಇಲ್ಲವೆ ಮೇಲಿನಿಂದ ತೇಲಿ ಬಂದಿವೆ. ಯಾವುದು ಎಂದು ತಿಳಿಯಲು ಏಪ್ರಿಲ್‌ನ ಬೋಗುಣಿ ಬೇಕು. ಜೊತೆಗೆ ಬೇಸಿಗೆಯಲ್ಲಿ ಹಳ್ಳದ ಗುಂಟ ಮೇಲಕ್ಕೆ ನಡೆದು ಒರತೆ ಎಲ್ಲಿದೆ ಎಂದು ನೋಡಿಟ್ಟುಕೊಳ್ಳಬೇಕು. ಒರತೆಯಿಂದ ಅರ್ಧ ಮೈಲಿ ಮಾತ್ರ ವರ್ಷವಿಡೀ ಹರಿದು, ಕೆಳಗೆ ಉಸುಕಿನಲ್ಲಿ ಇಂಗಿಹೋಗುವ ಹಳ್ಳಗಳು ನಮ್ಮ ಸೀಮೆಯಲ್ಲಿ ಬಹಳ. ಅಂಥ ಹಳ್ಳಕ್ಕೆ "ಹೌದು" ಅಥವಾ "ಇಲ್ಲ" ಎಂಬ ಒಂದೇ ಉತ್ತರ ಇರುವುದಿಲ್ಲ, ಶಾಲೆಯ ಹಿಂದೆ ಒಂದು, ಮೇಲಿನ ತೋಟದ ಬಳಿ ಇನ್ನೊಂದು.

ಏಪ್ರಿಲ್‌ನಲ್ಲಿ ಹರಿವು ಕಂಡರೂ ಅದು ಯಾರ ನೀರು ಎಂದು ಕೇಳಬೇಕು. ನಿಮ್ಮಲ್ಲಿ ಕೆರೆಯ ತೂಬು ಸೋರಿ ಬರುವ ನೀರು, ಕಾಲುವೆಯ ಬಸಿನೀರು ಇರಬಹುದು. ಕಾಲುವೆ ಬಿಟ್ಟಾಗ ಹರಿದು, ನಿಲ್ಲಿಸಿದಾಗ ನಿಲ್ಲುವ ಹಳ್ಳದಲ್ಲಿ ಬೇಗ ಬೆಳೆಯುವ ಹುಳಗಳೇ ಹೆಚ್ಚು, ನಿಧಾನಿಗಳು ನೆಲೆಯೂರುವುದಿಲ್ಲ. ಇನ್ನೊಂದು ತುದಿಯ ಉದಾಹರಣೆ ಹುಬ್ಬಳ್ಳಿ ಊರೊಳಗೆ ಹಾಯುವ ಉಣಕಲ್ ನಾಲಾ. ನಗರದ ಕೊಳಚೆ ಸೇರಿ ಅದು ಕಡುಬೇಸಿಗೆಯಲ್ಲೂ ಹರಿಯುತ್ತದೆ. ಆದರೆ ಅಂಥ ನೀರಿನಲ್ಲಿ ಕೆಂಪು ಹುಳ, ನೂಲಿನಂಥ ರಾಡಿಹುಳ, ಉದ್ದ ಬಾಲದ ನೊಣದ ಮರಿಯಂಥವೇ ಬಾಳಬಲ್ಲವು. ಹರಿವು ಇದೆ, ಹರಿವಿನ ಹುಳ ಇಲ್ಲ. ಆದ್ದರಿಂದ ಹುಳ ಸಿಗದಿದ್ದರೆ ಹಳ್ಳ ಬತ್ತಿತ್ತು ಎಂದು ಬರೆಯಬೇಡಿ. ಹೊಲದ ಔಷಧ ಹೊಡೆದ ನೀರು ಬಂದಿರಬಹುದು, ಉಸುಕು ತೆಗೆದು ತಳ ಕದಡಿರಬಹುದು, ಹುಳಗಳು ತಳದ ಉಸುಕಿನೊಳಗೆ ಇಳಿದು ಕೂತಿರಬಹುದು. ಹುಳ ಇದ್ದರೆ ಅದು ಸಾಕ್ಷಿ. ಇಲ್ಲದಿದ್ದರೆ ಇನ್ನೊಮ್ಮೆ ಹೋಗಲು ಕಾರಣ.

ನವಲಗುಂದ, ರೋಣದ ಎರಿ ಸೀಮೆಯಿಂದ, ಬೆಣ್ಣಿಹಳ್ಳದ ಆಸುಪಾಸಿನಿಂದ ಇದೇ ಪ್ರಶ್ನೆ ಕೇಳುವವರಿಗೂ ಒಂದು ಮಾತು. ಅರಲು ತುಂಬಿದ, ಕಲ್ಲು ವಿರಳವಾದ ತಳದಲ್ಲಿ ನೀರುಬಿಲ್ಲೆ, ಎಲ್ಮಿಡ್ ಹುಡುಕಿ ನಿರಾಶರಾಗಬೇಡಿ. ಅಲ್ಲಿ ಗೋಂಫಿಡ್ ಮರಿ, ನೀರಿಗೆ ಬಾಗಿದ ಬೇರು ಮತ್ತು ಕಟ್ಟಿಗೆಗೆ ಅಂಟಿದ ಕ್ಯಾಡಿಸ್ ನೋಡಿ.

ಸಾಮಾನು ಬಹಳ ಬೇಡ. ಚಹಾ ಸೋಸುವ ಜಾಳಿಗೆ, ಬಿಳಿ ಬೋಗುಣಿ ಎರಡು, ಹಳೆಯ ಸೊಳ್ಳೆಪರದೆಯ ತುಂಡು, ಮೆತ್ತನೆ ಕುಂಚ, ಒಂದು ಭೂತಗನ್ನಡಿ. ಪರದೆಯನ್ನು ಹರಿವಿಗೆ ಅಡ್ಡ ಹಿಡಿದು, ಅದರ ಮೇಲ್ಬದಿಯ ಕಲ್ಲನ್ನು ನೀರಲ್ಲೇ ಕೈಯಿಂದ ತಿಕ್ಕಿದರೆ ಹುಳಗಳು ತೇಲಿ ಬಂದು ಪರದೆಗೆ ಬೀಳುತ್ತವೆ. ಮೇಲೆ ಮಳೆಯಾಗುತ್ತಿದ್ದರೆ ಮಕ್ಕಳನ್ನು ಹಳ್ಳಕ್ಕೆ ಇಳಿಸಲೇಬೇಡಿ. ಮುಗಿದ ಮೇಲೆ ಎಲ್ಲರೂ ಸೋಪು ಹಚ್ಚಿ ಕೈಕಾಲು ತೊಳೆಯಲಿ, ಬಸವನಹುಳಗಳಿಂದ ಹೊರಬರುವ ಕೆಲವು ಪರೋಪಜೀವಿಗಳು ಚರ್ಮಕ್ಕೆ ತುರಿಕೆ ತರುತ್ತವೆ. ಎತ್ತಿದ ಪ್ರತಿ ಕಲ್ಲನ್ನೂ ಮೊದಲಿದ್ದಂತೆಯೇ, ಅದೇ ಮಗ್ಗುಲಿಗೆ, ಮರಳಿ ಇಡಿಸಿ.

ಹುಳಗಳನ್ನು ಕೊಲ್ಲುವ ಅಗತ್ಯವಿಲ್ಲ. ಬೋಗುಣಿಯ ಪಕ್ಕ ಒಂದು ಸ್ಕೇಲ್ ಇಟ್ಟು ಮೇಲಿನಿಂದ ಒಂದು, ಹೊಟ್ಟೆ ಕಾಣುವಂತೆ ಒಂದು ಫೋಟೋ ತೆಗೆದರೆ ಸಾಕು. ತಾರೀಖು, ಮಡುವೋ ಹರಿವೋ, ಕಡೆಯ ಮಳೆ ಯಾವಾಗ ಬಿತ್ತು, ಈ ಮೂರನ್ನು ಫೋಟೋದ ಜೊತೆ ಬರೆದಿಡಿ. ಜನವರಿಯ ಹುಳಗಳ ಫೋಟೋ ಇದ್ದರೆ ಅವನ್ನೂ ತೆಗೆದಿಡಿ, ಏಪ್ರಿಲ್‌ನಲ್ಲಿ ಪಕ್ಕಕ್ಕಿಟ್ಟು ನೋಡಲು ಬೇಕಾಗುತ್ತದೆ.